ರಿಂಗ್ ಹೋಗುತ್ತಿದೆ, ಯಾರೂ ಎತ್ತುತ್ತಿಲ್ಲ

ಕಳೆದ ವಾರ ಇಂಟರ್‌ನೆಟ್ ಹಾಕುವವನು ಬಂದು ದೆಹಲಿಯ ನಮ್ಮ ಮಯೂರ್ ವಿಹಾರದ ಮನೆಯ ಗೋಡೆಗೆ ಡ್ರಿಲ್ ಇಟ್ಟ. ಸುಣ್ಣದ ಧೂಳೆದ್ದು ಮನೆಯೆಲ್ಲ ಹಳೆಯ ಗೋಡೆಯ ವಾಸನೆ ಹರಡಿತು. ನಾನು ಎರಡು ಸಲ ಸೀನಿದೆ. ಎಂಬತ್ತಮೂರು ದಾಟಿದ ಅಜ್ಜಿ, ನನಗೆ ಸೋಲಬಾರದೆಂದೋ ಏನೋ, ಮೂರು ಸಲ ಸೀನಿದರು. ಶೋಕೇಸನ್ನು ಪಕ್ಕಕ್ಕೆ ಸರಿಸಿದರೆ ಅದರ ಹಿಂದೆ ಬೂದು ಬಣ್ಣದ ತಂತಿಯೊಂದು ಮೊಳೆಗೆ ನೇತುಬಿದ್ದಿತ್ತು.

“ಮೇಡಂ, ಯೇ ಪುರಾನಾ ತಾರ್ ಹೈ. ಕಾಟ್ ದೂಂ?”

“ಏನಂತೆ?” ಎಂದರು ಅಜ್ಜಿ.

“ಹಳೇ ಫೋನಿನ ತಂತಿ ಅಜ್ಜಿ. ಕತ್ತರಿಸಲಾ ಅಂತ ಕೇಳ್ತಿದಾನೆ.”

“ಕತ್ತರಿಸಲಿ ಬಿಡು. ಅದು ಜೀವಂತ ಇದ್ದದ್ದಾದರೂ ಯಾವಾಗ?”

ನಾನು ನಕ್ಕೆ. ಆ ತಂತಿಯ ಕಥೆ ನನ್ನ ಕಂಠಪಾಠ. ನನ್ನನ್ನು ಬಲ್ಲವರಿಗೆಲ್ಲ ಅದು ಕನಿಷ್ಠ ಎರಡು ಸಲ ಗೊತ್ತು. ಮೂರನೆಯ ಸಲ ಶುರುಮಾಡಿದಾಗ ಕೆಲವರು ಚಾ ಇಡಲು ಏಳುತ್ತಾರೆ. ನೀವು ಇನ್ನೂ ಕೇಳಿಲ್ಲವಾದ್ದರಿಂದ ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ.

ನಾನಾಗ ಎರಡನೇ ಕ್ಲಾಸು. ನಾವಿದ್ದದ್ದು ಗ್ರೇಟರ್ ನೋಯ್ಡಾದಲ್ಲಿ. ಆಗ ಅಲ್ಲಿ ಮನುಷ್ಯರಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಒಂದೇ ಕಾರಿನಲ್ಲಿ ದೆಹಲಿಗೆ ಹೊರಟರೆ ಮುಖ ಕಾಣುತ್ತಿದ್ದದ್ದು ದೀಪ ಹಚ್ಚಿದ ಮೇಲೆಯೇ. ಅವರ ಮೊಬೈಲುಗಳೂ ಅವರ ಜೊತೆಗೇ ಹೋಗುತ್ತಿದ್ದವು. ಶಾಲೆಯಿಂದ ಬಂದ ನನ್ನನ್ನು ನೋಡಿಕೊಳ್ಳಲು ಕಮಲಾ ದೀದಿ ಇದ್ದಳು. ಅವಳದು ಹಿಂದಿ, ಶಾಲೆಯದು ಇಂಗ್ಲಿಷು, ಟೀವಿಯದು ಎರಡೂ. ಕನ್ನಡ ಅಂತ ನನ್ನ ಬಾಯಲ್ಲಿ ಹೊರಳುತ್ತಿದ್ದದ್ದು ದಿನಕ್ಕೆ ಇಪ್ಪತ್ತು ನಿಮಿಷ: ಸಾಯಂಕಾಲ ನಾಲ್ಕಕ್ಕೆ ಮಯೂರ್ ವಿಹಾರದ ಈ ಮನೆಗೆ, ಆಗ ತಾತ ಅಜ್ಜಿ ಇಬ್ಬರೇ ಇದ್ದ ಮನೆಗೆ, ಫೋನ್ ಮಾಡಿದಾಗ. ಹತ್ತು ನಿಮಿಷ ತಾತ, ಹತ್ತು ನಿಮಿಷ ಅಜ್ಜಿ. ಈ ವ್ಯವಸ್ಥೆ ತಾತನದು. “ಮನೇಲಿ ಮಾತಾಡದೆ ಇದ್ದರೆ ಮಗುವಿನ ಕನ್ನಡ ಹೋಗೇಬಿಡುತ್ತೆ” ಎಂದು ಅಮ್ಮನನ್ನು ಗದರಿಸಿ, ಆಮೇಲೆ ಆ ಹೊಣೆಯನ್ನು ತಾವೇ ಹೊತ್ತುಕೊಂಡಿದ್ದರು.

ತಾತ ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ನಿವೃತ್ತಿ ಆಫೀಸಿಗೆ ಮಾತ್ರ ಆಗಿತ್ತು, ಅವರಿಗೆ ಆಗಿರಲಿಲ್ಲ. ಫೋನಿನಲ್ಲೂ ಮೀಟಿಂಗ್ ನಡೆಸುವವರ ಧಾಟಿಯೇ.

“ಹೇಳು. ಮೊದಲನೆಯ ವಿಷಯ, ಶಾಲೆ.”

“ತಾತ, ಇವತ್ತು ಮ್ಯಾಮ್ ನನ್ನನ್ನ ಡಾಂಟಿದರು.”

“ಬೈದರು.”

“ಹಾಂ, ಬೈದರು. ಮತ್ತೆ ನಾನು ಟಿಫಿನ್ ಖತಂ ಮಾಡಿಲ್ಲ.”

“ತಿಂಡಿ ಮುಗಿಸಲಿಲ್ಲ. ಪೂರ್ತಿ ಹೇಳು.”

ಪೂರ್ತಿ ಹೇಳುವಷ್ಟರಲ್ಲಿ ನನಗೆ ಹೇಳಬೇಕಾದದ್ದೇ ಮರೆತುಹೋಗುತ್ತಿತ್ತು. ತಾತನಿಗೆ ತಪ್ಪು ಕಂಡರೆ ದಾಟಿ ಹೋಗಲು ಆಗುತ್ತಿರಲಿಲ್ಲ. ಮಂತ್ರಾಲಯದಲ್ಲಿದ್ದಾಗ, ಯಾವುದೋ ಮೇಜಿಗೆ ಡ್ರಾಯರ್ ಮೂರೋ ನಾಲ್ಕೋ ಎಂದು ಖಾತ್ರಿಯಾಗುವ ತನಕ ಹನ್ನೊಂದು ದಿನ ಫೈಲನ್ನು ಮುಂದಕ್ಕೆ ಬಿಡದೆ, ಕಡೆಗೆ ತಾವೇ ಗೋದಾಮಿಗೆ ಹೋಗಿ ಎಣಿಸಿ ಬಂದು ಸಹಿ ಹಾಕಿದವರು. ಡ್ರಾಯರ್ ನಾಲ್ಕೇ ಇದ್ದವಂತೆ, ಅವುಗಳಲ್ಲಿ ಒಂದು ತೆರೆಯುತ್ತಿರಲಿಲ್ಲವಂತೆ, ಅದನ್ನೂ ಬರೆದರಂತೆ.

ಇನ್ನು ತಾತನ ಮನೆಯ ಆ ಫೋನು. ನಾಲ್ಕು ಹನಿ ಬಿದ್ದರೆ ಸಾಕು, ಅದು ಸತ್ತಂತೆಯೇ. ಮೇ ತಿಂಗಳ ಧೂಳುಗಾಳಿಗೂ ಸಾಯುತ್ತಿತ್ತು. ಒಮ್ಮೊಮ್ಮೆ ಯಾವ ನೆಪವೂ ಇಲ್ಲದೆ, ಬೇಸರವಾಯಿತು ಎಂಬಂತೆ ಸಾಯುತ್ತಿತ್ತು. ಇಡೀ ಬ್ಲಾಕಿನ ತಂತಿಗಳೆಲ್ಲ ಸೇರುವ ಡಬ್ಬವೊಂದು ಕೆಳಗೆ ಬೇವಿನ ಮರದ ಬುಡದಲ್ಲಿತ್ತು. ಅದರ ಬಾಗಿಲು ಎಂದೋ ಕಳೆದುಹೋಗಿ, ಹಾಲಿನ ಪ್ಲಾಸ್ಟಿಕ್ ಚೀಲಗಳನ್ನು ಹೊದಿಸಿ ಶೂ ಲೇಸಿನಿಂದ ಕಟ್ಟಿದ್ದರು. ನಮ್ಮ ಮಾತೆಲ್ಲ ಆ ಲೇಸಿನ ಗಂಟಿನ ಮೇಲೆ ನಿಂತಿತ್ತು.

ಆ ವರ್ಷದ ಮಳೆಗಾಲದಲ್ಲಿ ಸತ್ತ ಫೋನು ಏಳಲೇ ಇಲ್ಲ. ಎದುರು ಮನೆಯಿಂದ ದೂರು ಕೊಟ್ಟರೆ ರೆಕಾರ್ಡ್ ಮಾಡಿದ ಹೆಣ್ಣುದನಿಯೊಂದು ನಂಬರ್ ಕೊಡುತ್ತಿತ್ತು. ಮರುದಿನ ವಿಚಾರಿಸಿದರೆ ಅದೇ ದನಿ ದೂರು ನಿವಾರಣೆಯಾಗಿದೆ ಎನ್ನುತ್ತಿತ್ತು. ನಿವಾರಣೆಯಾದದ್ದು ಹೇಗೆಂದು ತಾತ ಟೆಲಿಫೋನ್ ಆಫೀಸಿಗೇ ಹೋಗಿ ಕೇಳಿದರು. ಅಲ್ಲಿಯ ಗುಮಾಸ್ತ ಅವರೆದುರಿಗೇ ನಮ್ಮ ನಂಬರು ಒತ್ತಿ, ರಿಸೀವರನ್ನು ತಾತನ ಕಿವಿಗಿಟ್ಟನಂತೆ. “ಸುನಿಯೇ. ರಿಂಗ್ ಹೋಗ್ತಾ ಇದೆ ತಾನೆ? ಮನೇಲಿ ಯಾರೂ ಎತ್ತುತ್ತಿಲ್ಲ, ಅದಕ್ಕೆ ನಾವೇನು ಮಾಡೋಣ?”

ತಂತಿ ತುಂಡಾಗಿದ್ದರೂ ಕರೆ ಮಾಡಿದವರ ಕಿವಿಗೆ ರಿಂಗ್ ಕೇಳಿಸುತ್ತದೆ ಎಂಬುದು ಆ ಗುಮಾಸ್ತನಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಗೊತ್ತಿರಲಿಲ್ಲ. ದಿನವೂ ನಾಲ್ಕಕ್ಕೆ ನಾನು ಫೋನ್ ಮಾಡುತ್ತಿದ್ದೆ. ಟ್ರಿಂಗ್ ಟ್ರಿಂಗ್ ಎನ್ನುತ್ತಿತ್ತು. ಯಾರೂ ಎತ್ತುತ್ತಿರಲಿಲ್ಲ. ಫೋನ್ ಕೆಟ್ಟಿದೆ ಪುಟ್ಟಿ ಎಂದು ಅಮ್ಮ ಎಷ್ಟು ಹೇಳಿದರೂ ನಾನು ಒಪ್ಪಲಿಲ್ಲ. ಕೆಟ್ಟಿದ್ದರೆ ರಿಂಗ್ ಹೇಗೆ ಹೋಗುತ್ತೆ? ನೋಡಿ, ಏಳು ವರ್ಷದ ನನ್ನ ವಾದವೂ ಅಷ್ಟು ದೊಡ್ಡ ಆಫೀಸಿನ ವಾದವೂ ಒಂದೇ ಆಗಿತ್ತು.

ತಾತ ಬರೆಯತೊಡಗಿದರು. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ, ಆಮೇಲೆ ನಂಬರು ಹಾಕಿದ ಪ್ಯಾರಾಗಳು. ಅತ್ತ ಕಡೆಯಿಂದ ಉತ್ತರಗಳೂ ಬಂದವು. ಅವು ಬಂದ ದಿನ ತಾತನ ಮುಖ ನೋಡಬೇಕಿತ್ತು. ಸಂಗೀತ ಬಲ್ಲವರು ಬೇರೊಬ್ಬರ ಆಲಾಪನೆ ಕೇಳಿದ ಹಾಗೆ.

“ನೋಡೇ, ಈ ಡ್ರಾಫ್ಟ್ ಹಾಕಿದವನು ಪಳಗಿದ ಕೈ. ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಸೂಕ್ತ ಪರಿಶೀಲನೆಗಾಗಿ ಮೇಲಿನ ಕಚೇರಿಗೆ ರವಾನಿಸಿದೆ ಅಂತಾನೆ!”

“ಫೋನೂ ಟ್ರಿಂಗ್ ಅಂದಿಲ್ಲ” ಎನ್ನುತ್ತಿದ್ದರು ಅಜ್ಜಿ, ಬೀನ್ಸಿನ ನಾರು ತೆಗೆಯುತ್ತ.

ಒಂದು ಮೊಬೈಲ್ ಇಟ್ಟುಕೊಳ್ಳಿ ಎಂದು ಅಪ್ಪ ಹೇಳಿ ನೋಡಿದರು. “ಕೆಟ್ಟದ್ದನ್ನ ಸರಿ ಮಾಡಿಸದೆ ಇನ್ನೊಂದು ತರೋದಾ? ಹಾಗಾದರೆ ಬರೆಯೋದು ಯಾತಕ್ಕೆ?” ಎಂದು ತಾತ ಮೂರನೆಯ ಜ್ಞಾಪನ ಪತ್ರಕ್ಕೆ ಕೂತರು. ಸರಿಯಾಗಿ ಬರೆದರೆ ಸರ್ಕಾರ ಅಲುಗುತ್ತದೆ ಎಂಬುದೊಂದೇ ಅವರ ನಂಬಿಕೆ. ಪೂಜೆಯನ್ನಾದರೂ ಒಂದು ದಿನ ಬಿಟ್ಟಾರು, ಇದನ್ನು ಬಿಡರು.

ಹೀಗೆ ಐದು ವಾರ, ಹನ್ನೊಂದು ಪತ್ರ. ಆ ಭಾನುವಾರ ನಾವು ಮಯೂರ್ ವಿಹಾರಕ್ಕೆ ಹೋದೆವು. ನಾನು ಮುಖ ಊದಿಸಿಕೊಂಡೇ ಕಾರಿನಿಂದ ಇಳಿದೆ. ತಾತ ಬಾಗಿಲಲ್ಲೇ ಬಗ್ಗಿ, “ಬಾರಮ್ಮಾ, ಏನು ಸಮಾಚಾರ? ಮೊದಲನೆಯ ವಿಷಯ?” ಎಂದರು.

“ಮುಝೆ ಕನ್ನಡ ನಹೀಂ ಆತೀ” ಎಂದೆ. “ಆಪ್ ಫೋನ್ ಭೀ ನಹೀಂ ಉಠಾತೇ.” ನನಗೆ ಕನ್ನಡ ಬರೋಲ್ಲ, ನೀವು ಫೋನೂ ಎತ್ತೋಲ್ಲ, ಅಂತ.

ಅಮ್ಮ ನನ್ನ ತೋಳು ಹಿಡಿದು ಗದರಿಸಿದಳು. ತಾತ, “ಇರಲಿ, ಮಗು” ಎಂದು ಒಳಗೆ ಹೋದರು. ಆ ದಿನ ಸಂಜೆಯ ತನಕ ನಾನು ಆಡಿದ್ದೆಲ್ಲ ಹಿಂದಿಯೇ. ನನಗೆ ಹಟವಿತ್ತು, ನಿಜ. ಆದರೆ ಐದು ವಾರದಲ್ಲಿ ನಾಲಿಗೆಯೂ ಸ್ವಲ್ಪ ಜಡ್ಡುಗಟ್ಟಿತ್ತು ಎಂದು ಈಗ ಅನುಮಾನ ಬರುತ್ತದೆ.

ಮರುದಿನ, ಸೋಮವಾರ, ಸರಿಯಾಗಿ ನಾಲ್ಕಕ್ಕೆ ನಮ್ಮ ಮನೆಯ ಫೋನು ಹೊಡೆದುಕೊಂಡಿತು. ಆ ಕಡೆ ತಾತ! ಹನ್ನೊಂದನೆಯ ಪತ್ರ ಗುರಿ ಮುಟ್ಟಿತು ಎಂದು ಅಪ್ಪ ಅಮ್ಮ ತೀರ್ಮಾನಿಸಿದರು. ನಾನೂ ಅಷ್ಟೇ ನಂಬಿಕೊಂಡು ಬೆಳೆದೆ. ಲಕ್ಷ್ಮೀ ನಗರದ ಪೇಯಿಂಗ್ ಗೆಸ್ಟ್ ಮನೆಗಳಲ್ಲಿ, ಕನ್ನಡದವರು ಸೇರಿದ ಯುಗಾದಿ ಊಟಗಳಲ್ಲಿ, ಬರೆದು ಬರೆದೇ ಒಂದು ಇಲಾಖೆಯನ್ನು ಮಣಿಸಿದ ನನ್ನ ತಾತನ ಕಥೆಯನ್ನು ಅಭಿನಯ ಸಮೇತ ಹೇಳುತ್ತ ಬಂದೆ. ತಾತನ ಎದುರಿಗೇ ಹೇಳಿದ್ದೂ ಉಂಟು. ಕಥೆ ಹನ್ನೊಂದನೆಯ ಪತ್ರಕ್ಕೆ ಬರುವಾಗ ಅವರು ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ವಿನಯ ಅಂದುಕೊಂಡಿದ್ದೆ.

ಅದೇ ಕಥೆಯನ್ನೇ ಕಳೆದ ವಾರ ಇಂಟರ್‌ನೆಟ್‌ನವನಿಗೂ ಹೇಳಿದೆ, ಹಿಂದಿಯಲ್ಲಿ. ಅವನು ನಕ್ಕು, ತಂತಿ ಸುತ್ತಿಕೊಂಡು ಹೊರಟ. ಅಜ್ಜಿ ಮಾತ್ರ ನಗಲಿಲ್ಲ.

“ಹನ್ನೊಂದಲ್ಲ ಕಣೇ, ಹನ್ನೆರಡು” ಎಂದರು.

“ಅಂದರೆ?”

“ತಾತ ಹೋಗಿ ಆರು ವರ್ಷ ಆಯ್ತಲ್ಲ. ಇನ್ನು ಹೇಳಿದರೆ ಬೇಜಾರು ಮಾಡಿಕೊಳ್ಳೋಕೆ ಅವರಿಲ್ಲ.”

ಆ ಸೋಮವಾರ ಬೆಳಗ್ಗೆ ಅಜ್ಜಿ ತಾವೇ ಕೆಳಗಿಳಿದು, ಬೇವಿನ ಮರದ ಹತ್ತಿರ ಚಾ ಕುಡಿಯುತ್ತಿದ್ದ ಲೈನ್‌ಮನ್‌ನನ್ನು ಹಿಡಿದಿದ್ದರಂತೆ. ಅಜ್ಜಿಯ ಹಿಂದಿಗೆ ಕ್ರಿಯಾಪದಗಳ ಹಂಗಿಲ್ಲ. “ಭಯ್ಯಾ, ಫೋನ್. ಪೋತಿ. ರೋನಾ” ಎಂದರಂತೆ. ಫೋನು, ಮೊಮ್ಮಗಳು, ಅಳು: ಅವನಿಗೆ ಎಲ್ಲವೂ ಅರ್ಥವಾಯಿತು.

“ಅವನೇನಂದ ಗೊತ್ತಾ? ಮಾತಾಜಿ, ನಿಮ್ಮ ಕೇಸು ಬಹುತ್ ಊಪರ್ ಹೋಗಿಬಿಟ್ಟಿದೆ ಅಂದ. ಸಾಬ್ ಒಂದೊಂದು ಚಿಟ್ಠಿ ಬರೆದಾಗಲೂ ಒಂದೊಂದು ಮಹಡಿ ಮೇಲೆ ಹೋಯ್ತು. ಫೋನ್ ಸರಿಯಿದೆ ಅಂತ ನಮ್ಮ ಸಾಹೇಬರು ಮೇಲಿನವರಿಗೆ ಬರೆದು ಕೂತಿದಾರೆ. ಈಗ ನಾನು ರಿಪೇರಿ ಮಾಡಿದರೆ ಅವರು ಬರೆದದ್ದು ಸುಳ್ಳಾಗೋಲ್ವಾ? ನನ್ನ ನೌಕರಿ ಹೋಗುತ್ತೆ. ನಿಮ್ಮವರೇ ಬರೆದುಕೊಡಲಿ, ಫೋನ್ ಚೆನ್ನಾಗಿದೆ, ದೂರು ಏನೂ ಇಲ್ಲ ಅಂತ. ಕೇಸ್ ಬಂದ್. ಮಧ್ಯಾಹ್ನ ಹೊಸದಾಗಿ ಕೆಟ್ಟಿತು ಅಂತ ಹೇಳಿ, ಹತ್ತು ನಿಮಿಷದಲ್ಲಿ ಮಾಡಿಕೊಡ್ತೀನಿ, ಅಂದ.”

“ತಾತ ಒಪ್ಪಿದರಾ?”

“ನಾನು ಬಂದು ಹೇಳಿದೆ. ಅವರು ಹೋಗಿ ಸ್ನಾನ ಮಾಡಿ ಬಂದರು. ಮೇಜಿನ ಮುಂದೆ ಕೂತು ಒಂದೇ ಸಾಲು ಬರೆದರು: ನನ್ನ ದೂರವಾಣಿ ತೃಪ್ತಿಕರವಾಗಿ ಕೆಲಸ ಮಾಡುತ್ತಿದೆ, ಅಂತ ಇಂಗ್ಲಿಷಿನಲ್ಲಿ. ಸಹಿಗೆ ಪೆನ್ನು ಎತ್ತಿದವರು ತಡೆದರು. ಎದ್ದು ಹೋಗಿ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು.”

“ಯಾಕೆ?”

“ಅಷ್ಟರಲ್ಲಿ ತಾನಾಗೇ ಸರಿಹೋಗಿದ್ದರೆ ಬರೆದದ್ದು ನಿಜವಾಗಿರುತ್ತಲ್ಲ, ಅದಕ್ಕೆ. ಎಷ್ಟು ಹೊತ್ತು ಹಾಗೇ ನಿಂತಿದ್ದರು ಅಂತೀಯ! ನಾನು ಸಾರಿಗೆ ಒಗ್ಗರಣೆ ಹಾಕಿ ಬಂದರೂ ನಿಂತೇ ಇದ್ದರು. ಆಮೇಲೆ ಇಟ್ಟರು. ಬಂದು ಸಹಿ ಹಾಕಿದರು. ‘ಮೂವತ್ತನಾಲ್ಕು ವರ್ಷದ ನೌಕರೀಲೂ ಹೀಗೆ ಮಾಡಿರಲಿಲ್ಲ ಕಣೇ’ ಅಂದರು. ಅಷ್ಟೇ.”

ಅಜ್ಜಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಧೂಳಿತ್ತು.

“ಸಾಯಂಕಾಲ ಅವರೇ ನಿನಗೆ ಫೋನ್ ಮಾಡಿದರು. ನೀನು ಅರ್ಧ ಗಂಟೆ ಬಿಡದೆ ಜಗಳ ಆಡಿದೆ. ಯಾಕೆ ಉಠಾಯಿಸಿಲ್ಲ, ನಾನು ಎಷ್ಟು ಗುಸ್ಸಾ ಆದೆ, ಅದು ಇದು. ಅರ್ಧ ಹಿಂದಿ, ಅರ್ಧ ಕನ್ನಡ, ಅದೂ ತಪ್ಪು ತಪ್ಪು. ಅವರು ‘ಹೂಂ, ಹೂಂ, ಆಮೇಲೆ?’ ಅನ್ನುತ್ತ ಕೂತಿದ್ದರು. ಒಂದನ್ನೂ ತಿದ್ದಲಿಲ್ಲ. ನಾನೇ ನೋಡಿದೆ, ಬಾಯಿ ತೆರೀತಿದ್ದರು, ಮುಚ್ಚಿಕೊಳ್ತಿದ್ದರು. ಇವತ್ತೊಂದು ಸುಳ್ಳಿಗೇ ಸಹಿ ಹಾಕಿದೀನಿ, ಇನ್ನು ಇವಳ ತಪ್ಪು ಹಿಡಿಯಲಾ ಅನ್ನಿಸಿತೋ ಏನೋ.”

ಅದಾದ ಮೇಲೂ ಆ ಫೋನು ಬೇಕಾದಷ್ಟು ಸಲ ಸತ್ತಿದೆ. ತಾತ ಮತ್ತೆ ಒಂದೂ ಪತ್ರ ಬರೆಯಲಿಲ್ಲವಂತೆ. ಡಯಲ್ ಟೋನ್ ಇಲ್ಲದಾಗ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದರು. ಅಜ್ಜಿ ಚಪ್ಪಲಿ ಮೆಟ್ಟಿ ಕೆಳಗಿಳಿಯುತ್ತಿದ್ದರು. ಎರಡು ದಶಕ ನಾನು ವೀರಗಾಥೆಯೆಂದು ಹಾಡಿಕೊಂಡು ಬಂದದ್ದು ಇದು. ನನಗೆ ನಗು ಬಂತು. ಆಮೇಲೆ ಸ್ವಲ್ಪ ಹೊತ್ತು ನಗು ಬರಲಿಲ್ಲ. ಆ ಒಂದು ಸಾಲಿನ ಸುಳ್ಳಿನ ಮೇಲೆ ನಿಂತಿದೆ, ನಾನಾಡುವ ಕನ್ನಡವಷ್ಟೂ.

“ಬರೀಲಾ ಅಜ್ಜಿ ಇದನ್ನ?”

“ಬರಿ. ಅವರು ಸೋತರು ಅಂತ ಮಾತ್ರ ಬರೀಬೇಡ.”

ಬರೆದೆ. ನಿನ್ನೆ ಸಂಜೆ ಅಜ್ಜಿಯ ಎದುರು ಕೂತು, ಒಳ್ಳೆಯ ಕಿವಿಯ ಕಡೆಗೆ ಬಾಗಿ, ಮೊದಲಿನಿಂದ ಕೊನೆಯವರೆಗೆ ಓದಿದೆ. ಕಣ್ಣು ಮುಚ್ಚಿ ಕೇಳಿದರು. ಒಗ್ಗರಣೆಯ ಹತ್ತಿರ ತಲೆದೂಗಿದರು. ಮುಗಿದ ಮೇಲೆ ಕಣ್ಣು ತೆರೆದು, “ಕನ್ನಡ ಎರಡು ಕಡೆ ತಪ್ಪಿದೀಯ” ಎಂದರು.

“ಎಲ್ಲಿ ಅಜ್ಜಿ?”

“ಇರಲಿ ಬಿಡು. ಹಾಗೇ ಕಳಿಸು.”

ಎಷ್ಟು ಗೋಗರೆದರೂ ಹೇಳಲಿಲ್ಲ. ಆದ್ದರಿಂದ ಅವೆರಡೂ ಇಲ್ಲೇ ಎಲ್ಲೋ ಇವೆ.