ಬಿಳಿ ತೋಳಿನ ಮೇಲೆ ಅರಿಶಿನ

ಅದು ೨೦೦೯ರ ಮೇ ತಿಂಗಳು. ಡೆಟ್ರಾಯಿಟ್ ಕಡೆ ಕಾರಿನ ಕೆಲಸಗಳೆಲ್ಲ ನೆಲಕಚ್ಚಿದ್ದ ಕಾಲ. ಅಲ್ಲೇ ಹತ್ತಿರ ವಿಕ್ಸಮ್‌ನಲ್ಲಿ ನಮ್ಮ ಯಜಮಾನರ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡು ಕೂತು ಸಾಕಾಗಿ, ನಾನು ವೆಸ್ಟ್‌ಮಂಟ್‌ನಲ್ಲಿರುವ ತಮ್ಮ ಸುಧಿಯ ಮನೆಗೆ ನಾಲ್ಕು ದಿನಕ್ಕೆ ಅಂತ ಹೋದೆ.

ಸುಧಿಯ ಹೆಂಡತಿ ಇಂಗ್ರಿಡ್ ನಾರ್ವೆಯವಳು. ಮದುವೆಯಾಗಿ ಎರಡು ವರ್ಷವಾದರೂ ಅವಳ ತಾಯಿ ಅಳಿಯನನ್ನು ಒಪ್ಪಿರಲಿಲ್ಲ. ಮಗಳ ಹತ್ತಿರ ಫೋನಿನಲ್ಲಿ ಎರಡು ಮಾತು, ಅಷ್ಟೇ. ಮನೆಗೆ ಬನ್ನಿ ಅಂತ ಒಂದು ಸಲವೂ ಕರೆದಿರಲಿಲ್ಲ. ಅಂಥಾದ್ದರಲ್ಲಿ ಆ ವಾರ ಅವರಿಂದ ಒಂದು ಪಾರ್ಸೆಲ್ ಬಂತು. ಒಳಗೆ ಬುನಾದ್ ಇತ್ತು. ಮೇ ಹದಿನೇಳು ನಾರ್ವೆಯವರ ರಾಷ್ಟ್ರೀಯ ದಿನ, ಅವತ್ತು ಅಲ್ಲಿಯ ಹೆಂಗಸರು ತೊಡುವ ಕಸೂತಿಯ ಉಡುಪು ಅದು. ಕಪ್ಪು ಉಣ್ಣೆಯ ಲಂಗ, ಬಿಳಿ ಅಂಗಿ, ಎಲ್ಲಾ ತಾಯಿಯೇ ಎರಡು ಚಳಿಗಾಲ ಕೂತು ಹೊಲಿದದ್ದಂತೆ. ಒಂದೊಂದು ಊರಿಗೂ ಒಂದೊಂದು ಮಾದರಿ, ಒಂದು ದಾರದ ಬಣ್ಣ ಬದಲಾದರೂ ಆ ಊರಿನವರು ಒಪ್ಪುವುದಿಲ್ಲವಂತೆ. ಇಂಗ್ರಿಡ್ ಅದನ್ನು ಎದೆಗವಚಿಕೊಂಡು ಅತ್ತಳು. ಹದಿನೇಳರ ಬೆಳಗ್ಗೆ ವಿಡಿಯೋ ಕಾಲ್ ಮಾಡಿ ಅಮ್ಮನಿಗೆ ತೊಟ್ಟು ತೋರಿಸುವುದು ಅಂತ ಮಾತಾಗಿತ್ತು.

ಆ ಬೆಳಗ್ಗೆ ಇಂಗ್ರಿಡ್ ಸ್ನಾನಕ್ಕೆ ಹೋಗಿದ್ದಳು. ಬಟ್ಟೆ ಮಂಚದ ಮೇಲಿತ್ತು. ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಮೈಮೇಲೆ ಹಾಕಬಾರದು ಅನ್ನುವುದು ನಮ್ಮ ಮನೆಯ ರೂಢಿ. ಬೇರೆ ವರ್ಷವಾಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಆ ವರ್ಷ ಮುಟ್ಟಿದ್ದೆಲ್ಲ ಕೆಡುತ್ತಿತ್ತು, ಶಾಸ್ತ್ರ ಬಿಡುವ ಧೈರ್ಯ ನನಗಿರಲಿಲ್ಲ. ದೇವರ ಮುಂದಿನ ಬಟ್ಟಲಿಂದ ಚಿಟಿಕೆ ಅರಿಶಿನ ತಂದೆ. ಸೀರೆಯಾದರೆ ಸೆರಗಿನ ಮೂಲೆ ಇರುತ್ತದೆ, ಇದಕ್ಕೆ ಮೂಲೆ ಎಲ್ಲಿಂದ ತರಲಿ? ಅಂಗಿಯ ತೋಳಿನ ತುದಿಗೆ ಹಚ್ಚಿದೆ. ಆಗಷ್ಟೇ ಪಾತ್ರೆ ತೊಳೆದ ಕೈ, ಬೆರಳಿನ್ನೂ ಒದ್ದೆ. ಅರಿಶಿನ ಎರಡು ಬೆರಳಗಲ ಹರಡಿಬಿಟ್ಟಿತು.

ಸಿಂಕಿಗೆ ಓಡಿ ಸೋಪು ಹಾಕಿ ಉಜ್ಜಿದೆ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಅಂತ ಚಿಕ್ಕಂದಿನಿಂದ ಗೊತ್ತು, ಆ ಬುದ್ಧಿ ಆಗ ಎಲ್ಲಿ ಮಣ್ಣು ತಿನ್ನಲು ಹೋಗಿತ್ತೋ! ಕಲೆ ರಕ್ತದ ಹಾಗೆ ಕೆಂಪಗಾಯಿತು. ಬರೀ ನೀರಿನಲ್ಲಿ ಜಾಲಿಸಿ ಜಾಲಿಸಿ ಮತ್ತೆ ಹಳದಿ ಮಾಡಿದೆ, ಹೋಗಲಂತೂ ಇಲ್ಲ. ಬಿಸಿಲಿಗೆ ಹಾಕಿದರೆ ಮಾಸುತ್ತದೆ ಅಂತ ಕಿಟಕಿಯಲ್ಲಿ ನೋಡಿದರೆ ಮೋಡ ಮುಚ್ಚಿಕೊಂಡಿದೆ.

ಸುಧಿ ಬಂದು ನೋಡಿದವನೇ ತಲೆ ಮೇಲೆ ಕೈ ಹೊತ್ತ. “ಎರಡು ವರ್ಷ ಆದ್ಮೇಲೆ ಬಂದಿರೋ ಬಟ್ಟೆ ಕಣಕ್ಕ,” ಅಂದ. ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು.

ಇಂಗ್ರಿಡ್ ಬಂದಾಗ ನನಗೆ ಇಂಗ್ಲಿಷೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅರಿಶಿನ ಯಾಕೆ ಹಚ್ಚಿದೆ, ಏನಾಯಿತು ಅಂತ ಹೇಗೋ ಹೇಳಿದೆ. ಅವಳ ಮುಖ ಬಿಳುಚಿಕೊಂಡಿತು. ಆ ಒದ್ದೆ ಅಂಗಿಯನ್ನೇ ತೊಟ್ಟು, ತೋಳಿನ ತುದಿ ಒಳಗೆ ಮಡಚಿ, ಕಂಪ್ಯೂಟರ್ ಮುಂದೆ ಕೂತಳು.

ಹೊಲಿದವರ ಕಣ್ಣಿಗೆ ಮಡಿಕೆ ಬೀಳದೆ ಇರುತ್ತದೆಯೇ? ಒಂದೇ ನಿಮಿಷದಲ್ಲಿ ಅವರು ತೋಳು ಬಿಡಿಸಲು ಹೇಳಿದರು. ತಾಯಿ ಮಗಳು ತಮ್ಮ ಭಾಷೆಯಲ್ಲಿ ಏನೇನೋ ಮಾತಾಡಿದರು. ಇಂಗ್ರಿಡ್ ನನ್ನ ಕಡೆ ಕೈ ತೋರಿಸಿದಳು. ಅವರು ನನ್ನನ್ನು ದಿಟ್ಟಿಸಿ ನೋಡಿ ಎದ್ದು ಹೊರಟೇ ಹೋದರು. ಸ್ಕ್ರೀನಿನಲ್ಲಿ ಖಾಲಿ ಕುರ್ಚಿ. ಅವರ ಕಿಟಕಿಯಾಚೆ ಮೆರವಣಿಗೆಯ ಬ್ಯಾಂಡು, ಮಕ್ಕಳ ಕೂಗು. ತಮ್ಮನ ಸಂಸಾರಕ್ಕೆ ನಾನೇ ಕಲ್ಲು ಹಾಕಿದೆ ಅಂದುಕೊಂಡೆ.

ಆಮೇಲೆ ಅವರು ವಾಪಸ್ ಬಂದರು. ಕೈಯಲ್ಲಿ ದಾರದ ಬುಟ್ಟಿ. ಹಳದಿ ದಾರಗಳನ್ನು ಒಂದೊಂದಾಗಿ ಎತ್ತಿ ಕ್ಯಾಮೆರಾ ಮುಂದೆ ಹಿಡಿದರು. ಇಂಗ್ರಿಡ್ ಅಳುತ್ತ ನಗುತ್ತ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. “ಅಕ್ಕ, ಒಳ್ಳೆಯದಾಗಲಿ ಅಂತ ನೀವು ಹಚ್ಚಿದ್ದು ಅಂತ ಅಮ್ಮನಿಗೆ ಹೇಳಿದೆ. ಕಲೆಯ ಮೇಲೆ ಅಮ್ಮ ಹೂವು ಹೊಲಿಯುತ್ತಾಳಂತೆ. ಬಣ್ಣ ನೀವೇ ಆರಿಸಬೇಕಂತೆ. ಅಂಗಿ ತಗೊಂಡು ನಾನು ಮನೆಗೆ ಬರಬೇಕಂತೆ, ಸುಧಿಯೂ ಬರಬೇಕಂತೆ.”

ನಾನು ಮೂರನೆಯ ದಾರ ತೋರಿಸಿದೆ. ಸುಧಿ ಎದ್ದು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಈಚೆಗೆ ಬರಲಿಲ್ಲ.

ಆ ಬೇಸಿಗೆಯಲ್ಲೇ ಇಬ್ಬರೂ ನಾರ್ವೆಗೆ ಹೋಗಿಬಂದರು. ನಮ್ಮ ಯಜಮಾನರಿಗೆ ಕೆಲಸ ಸಿಕ್ಕಿದ್ದು ಮುಂದಿನ ವರ್ಷ. ಈಗಲೂ ಹೊಸ ಬಟ್ಟೆಗೆ ಅರಿಶಿನ ಹಚ್ಚುವಾಗ ಆ ಖಾಲಿ ಕುರ್ಚಿ ನೆನಪಾಗುತ್ತದೆ, ಕೈ ಒರೆಸಿಕೊಂಡೇ ಹಚ್ಚುತ್ತೇನೆ. ಇಂಗ್ರಿಡ್‌ಳ ಅಂಗಿಯಲ್ಲಿ ಹಳದಿ ಹೂವು ಇರುವುದು ಒಂದೇ ತೋಳಿಗೆ. ಇನ್ನೊಂದಕ್ಕೂ ಹೊಲಿದುಬಿಡು ಅಂತ ಅವಳು ಕೇಳಿದ್ದಳಂತೆ. ಆ ತೋಳಿಗೆ ಅಕ್ಕ ಅರಿಶಿನ ಹಚ್ಚಿಲ್ಲವಲ್ಲ ಅಂದರಂತೆ ತಾಯಿ.