ಮಡಿಲಕ್ಕಿಯ ಚೀಲ

ಪುಟ್ಟಿ, ಚಿನ್ನು,

ಹೋದ ತಿಂಗಳು ನನ್ನ ಟ್ರಂಕಿನ ತಳದಿಂದ ನೀವಿಬ್ಬರೂ ಒಂದು ಬೂದು ಬಣ್ಣದ ಬಟ್ಟೆ ಚೀಲ ತೆಗೆದಿರಿ. ಪುಟ್ಟಿ ಅದನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ಅಜ್ಜಿ, ಇಂಥದ್ದು ಈಗ ಎಲ್ಲೂ ಸಿಗಲ್ಲ. ಯಾರ ಡಿಸೈನು ಇದು? ಕಾಲೇಜಿಗೆ ತಗೊಂಡು ಹೋಗ್ತೀನಿ" ಅಂದಳು. ನಾನು ಅದನ್ನು ಕಿತ್ತುಕೊಂಡೆ. ಅಜ್ಜಿಗೆ ಬಟ್ಟೆ ಚೀಲದ ಮೇಲೂ ಜಿಪುಣತನ ಎಂದು ಚಿನ್ನು ನಕ್ಕ. ಪುಟ್ಟಿ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಬಾಯಿಬಿಟ್ಟು ಹೇಳುವುದು ನನಗೆ ಎಂದೂ ಬಂದಿಲ್ಲ. ಮೇಲುಕೋಟೆ ಬೆಟ್ಟದ ಕೆಳಗಿನ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರ ಮಾತ್ರ ಇನ್ನೂ ಕೈಯಲ್ಲಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನನ್ನು ಕ್ಯಾತನಹಳ್ಳಿಗೆ ಕೊಟ್ಟಿದ್ದರು. ನಿಮ್ಮ ತಾತ ಕಾಮಾಲೆಯಾಗಿ ತೀರಿಕೊಂಡಾಗ ನಿಮ್ಮಮ್ಮ ಹೈಸ್ಕೂಲಿನಲ್ಲಿದ್ದಳು. ಹನ್ನೊಂದನೆಯ ದಿನ ತವರಿನವರೂ ನಂಟರೂ ಗಂಡ ಸತ್ತವಳಿಗೆ ಸೀರೆ ತಂದು ಹೆಗಲಿಗೆ ಹೊದಿಸುವುದು ನಮ್ಮಲ್ಲಿ ರೂಢಿ. ನನಗೆ ಏಳು ಸೀರೆ ಬಂದವು. ಅಂಥ ಸೀರೆಗಳನ್ನು ಗಂಡ ಸತ್ತವಳೇ ಉಟ್ಟು ಹರಿಯಬೇಕು. ಮುತ್ತೈದೆಯರು ಅವನ್ನು ಉಡುವುದಿಲ್ಲ, ಬಸುರಿಯ ಹತ್ತಿರಕ್ಕಂತೂ ತರುವುದೇ ಇಲ್ಲ. ಏಳರಲ್ಲಿ ಒಂದು ನನ್ನ ಅಣ್ಣನ ಮನೆಯದು. ಅತ್ತಿಗೆ ಪಾಂಡವಪುರದ ಅಂಗಡಿಯಲ್ಲಿ ಆತುರದಲ್ಲಿ ಕೊಂಡದ್ದು. ಬೂದು ಒಡಲು, ನೇರಳೆ ಅಂಚು. ಅಂಚಿನಲ್ಲಿ ಒಂದು ಗೇಣಿನಷ್ಟು ಉದ್ದ ನೇರಳೆ ನೂಲು ತಪ್ಪಿಹೋಗಿ ಬಿಳಿಯಾಗಿ ಉಳಿದಿತ್ತು. ಬದಲಾಯಿಸಿಕೊಂಡು ಬರಲು ಹೊತ್ತಿರಲಿಲ್ಲ. ತಿಥಿಯ ಮನೆಯ ಜಗಲಿಯ ಮೇಲೆ ಕೂತು ಅತ್ತಿಗೆ, "ಸತ್ತೋರ ಮನೆಗೆ ಅಂದ್ರೆ ಇಂಥದ್ನೇ ಕಟ್ಟಿ ಕೊಡ್ತಾನೆ, ಅವನ ಕಣ್ಣು ಇಂಗೋಗ" ಎಂದು ಅಂಗಡಿಯವನನ್ನು ಬೈಯುತ್ತಿದ್ದುದು ನನಗೆ ಇನ್ನೂ ಕೇಳಿಸುತ್ತದೆ.

ಏಳನ್ನೂ ನಾನು ಉಡಲಿಲ್ಲ. ಮಡಿಕೆ ಬಿಚ್ಚಿದರೆ ಆ ದಿನದ ಊದುಬತ್ತಿಯ ವಾಸನೆ ಬರುತ್ತಿತ್ತು. ಅಣ್ಣನಿಗೆ ಶ್ರೀರಂಗಪಟ್ಟಣದಲ್ಲಿ ನೌಕರಿ, ಗಂಜಾಂನಲ್ಲಿ ಮನೆ. ನಿಮ್ಮಮ್ಮನ ಕಾಲೇಜಿಗೆ ಅನುಕೂಲವಾಗುತ್ತದೆ ಎಂದು ಅವನು ನಮ್ಮಿಬ್ಬರನ್ನೂ ಕರೆದುಕೊಂಡು ಬಂದಾಗ ಆ ಸೀರೆಗಳೂ ಟ್ರಂಕಿನಲ್ಲಿ ಬಂದವು. ತೊಂಬತ್ತರ ದಶಕದ ನಡುವಿನ ವರ್ಷಗಳು ಅವು.

ಗಂಜಾಂನಲ್ಲಿ ನಾನು ಬೆಳಗಿನ ಕೆಲಸ ಮುಗಿಸಿ ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದೆ. ದೂರದ ಊರುಗಳಿಂದ ಅಸ್ಥಿ ಬಿಡಲು ಬಂದವರು ಮೇಲ್ಗಡೆಯಲ್ಲಿ ಮುಳುಗೆದ್ದು ಉಟ್ಟ ಬಟ್ಟೆಯನ್ನು ನೀರಿನಲ್ಲಿಯೇ ಬಿಡುತ್ತಿದ್ದರು. ಅವು ತೇಲಿ ಬಂದು ಕಲ್ಲುಗಳಿಗೆ ಸಿಕ್ಕಿಕೊಳ್ಳುತ್ತಿದ್ದವು. ಅವನ್ನು ಕೋಲಿನಿಂದ ಆಚೆ ತಳ್ಳಿ ನಾವು ಒಗೆಯುತ್ತಿದ್ದೆವು. ಕೈಯಿಂದ ಯಾರೂ ಮುಟ್ಟುತ್ತಿರಲಿಲ್ಲ.

ಹೊಳೆಯಿಂದ ಬರುವ ಓಣಿಯಲ್ಲಿ ಒಂದು ಹಳೆಯ ಹಂಚಿನ ಮನೆ. ಒಂದು ದಿನ ಅದರ ಪಡಸಾಲೆಯ ಹಗ್ಗದಲ್ಲಿ ಒಂದು ಅಂಗಿ ತೂಗುತ್ತಿತ್ತು. ಹೆಣ್ಣುಮಕ್ಕಳ ಉದ್ದನೆಯ ಅಂಗಿ. ಅದರ ಕುತ್ತಿಗೆಗೂ ತೋಳಿನ ಕೊನೆಗೂ ಪಂಚೆಯ ಕೆಂಪು ಅಂಚು ಕೂರಿಸಿದ್ದರು. ಮೇಲುಕೋಟೆಯಲ್ಲಿ ನೇಯುವ ಪಂಚೆ, ಪೂಜೆ ಮಾಡುವವರು ಉಡುವುದು. ಹುಟ್ಟಿದಾಗಿನಿಂದ ನೋಡಿದ ಅಂಚು ಅದು. ಅದು ಅಷ್ಟು ಚಂದ ಎಂದು ನನಗೆ ಗೊತ್ತಾದದ್ದು ಅಂದೇ. ತೆಂಗಿನ ಚಿಪ್ಪನ್ನು ಉಜ್ಜಿ ಮಾಡಿದ ಗುಂಡಿಗಳು ಬೇರೆ. ತಲೆಯ ಮೇಲೆ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ನಿಂತೇ ಇದ್ದೆ. ಒಳಗಿನಿಂದ ಇಪ್ಪತ್ತೈದು ಇಪ್ಪತ್ತಾರರ ಒಬ್ಬ ಹೆಣ್ಣುಮಗಳು ಬಂದು, "ಒಳಗೆ ಬನ್ನಿ ಅಕ್ಕ, ಇನ್ನೂ ಇವೆ" ಅಂದಳು. ನಾನು ಓಡುವ ಹಾಗೆ ನಡೆದು ಮನೆ ಸೇರಿದೆ.

ನಾಲ್ಕನೆಯ ದಿನ ಒಳಗೆ ಹೋದೆ.

ಅವಳು ಬೆಂಗಳೂರಿನಲ್ಲಿ ಬಟ್ಟೆಯ ವಿನ್ಯಾಸ ಓದಿ ಬಂದವಳು. ಯಾವ ಕಂಪನಿಗೂ ಸೇರದೆ, ಮೇಲುಕೋಟೆಯ ಮಗ್ಗದ ಬಟ್ಟೆಯನ್ನೂ ಹಳೆಯ ಸೀರೆಗಳನ್ನೂ ಕೂಡಿಸಿ ತನಗೆ ತೋಚಿದ್ದನ್ನು ಹೊಲಿಸುತ್ತಿದ್ದಳು. ಒಂದರಂತೆ ಇನ್ನೊಂದಿಲ್ಲ. ಅಂಗಿ, ಜಾಕೀಟು, ಹೆಗಲ ಚೀಲ, ಮರದ ಮಣಿಗೆ ಬಟ್ಟೆ ಸುತ್ತಿ ಪೋಣಿಸಿದ ಸರ. ಎಲ್ಲವೂ ಮೈಸೂರು, ಬೆಂಗಳೂರಿನ ಒಂದೆರಡು ಅಂಗಡಿಗೆ ಹೋಗುತ್ತಿದ್ದವು. ಡಿಸೈನರ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಮನೆಯಲ್ಲಿ ಹೇಳಿದಾಗ ಅಣ್ಣ, "ಅದೇನ್ ಡಿಸೈನವ್ವಾ, ಎಲ್ಡು ತೋಳು ಒಂದು ಕುತ್ಗೆ. ದ್ಯಾವ್ರು ಮನ್ಸನ್ನೇ ಅಂಗ್ ಮಾಡವ್ನೆ, ಇವಳೇನು ಮೂರ್ನೇ ತೋಳು ಇಕ್ಕಾಳಾ?" ಅಂದ. ಆದರೂ ಹೋಗಬೇಡ ಎನ್ನಲಿಲ್ಲ.

ಬಟ್ಟೆ ಕತ್ತರಿಸುತ್ತಿದ್ದವರು ಶ್ರೀರಂಗಪಟ್ಟಣದ ಪೇಟೆಯ ಒಬ್ಬ ಮುದುಕರು, ಮುಸಲ್ಮಾನರು. ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಿದ್ದರು. ಅವರು ಅವಳನ್ನು ಮಗಳೆಂದು 'ಬೇಟಿ' ಎಂದೇ ಕರೆಯುತ್ತಿದ್ದರು. ಹೊಲಿಯಲು ನಾಲ್ಕೈದು ಹೆಂಗಸರಿದ್ದೆವು. ನನ್ನ ಕೆಲಸ ಗುಂಡಿ ಹಾಕುವುದು, ಮತ್ತು ಪ್ರತಿಯೊಂದರ ಒಳಗೂ ಹಸಿರು ದಾರದಲ್ಲಿ ಒಂದು ಬೇವಿನೆಲೆ ಹೊಲಿಯುವುದು. ಅವಳ ಹೆಸರಿನ ಬದಲಿಗೆ ಆ ಎಲೆ. ನಾನು ಮೊದಲ ಎಲೆ ಹೊಲಿದಾಗ ಮಾಸ್ಟರ್ ಕನ್ನಡಕ ಏರಿಸಿ ನೋಡಿ, "ಅರೆ, ಆಡು ಕಂಡ್ರೆ ಮೇದ್ಬುಡ್ತದೆ" ಅಂದರು. ನಿಮ್ಮ ತಾತ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಒಂದು ಮಧ್ಯಾಹ್ನ ಅವಳು, "ಹತ್ತಿ ಸೀರೆ ಯಾರ ಮನೆಯಲ್ಲಾದರೂ ಇದ್ದರೆ ಹೇಳಿ" ಎಂದಳು. ಮಾರನೆಯ ದಿನ, ಮಿಕ್ಕ ಹೆಂಗಸರು ಬರುವ ಮೊದಲೇ, ನಾನು ಆ ಏಳು ಸೀರೆಯನ್ನೂ ಗಂಟು ಕಟ್ಟಿಕೊಂಡು ಹೋದೆ. ಅತ್ತಿಗೆ ಗಿರಣಿಗೆ ಹೋಗಿದ್ದರು.

"ಇವು ಹೊಸವಲ್ಲವೇ ಅಕ್ಕ? ಉಟ್ಟೇ ಇಲ್ಲ?"

"ನಂಗೆ ಒಗ್ಗಲಿಲ್ಲ" ಎಂದೆ. ಅಷ್ಟೇ ಹೇಳಿದ್ದು. ಅವು ಎಂಥ ಸೀರೆ ಎಂದು ಹೇಳಿದ್ದರೆ ಅವಳು ತೆಗೆದುಕೊಳ್ಳುತ್ತಿದ್ದಳೋ ಇಲ್ಲವೋ. ಆದರೆ ಬೇಕು ಬೇಡ ಎನ್ನುವುದು ಅವಳ ಕೈಯಲ್ಲಿರುತ್ತಿತ್ತು. ನನಗೆ ಅವು ನನ್ನ ಟ್ರಂಕಿನಿಂದ ಹೋದರೆ ಸಾಕಾಗಿತ್ತು. ಬೆಂಗಳೂರಿನಲ್ಲಿ ಯಾರೋ ಗುರುತಿಲ್ಲದವರ ಹೆಗಲಿಗೆ ಹೋಗುತ್ತವೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಆರು ಹಾಗೆಯೇ ಹೋದವು. ಏಳನೆಯದು ಅತ್ತಿಗೆಯ ಸೀರೆ. ಅದರ ಅಂಚಿನಲ್ಲಿ ನೂಲು ತಪ್ಪಿದ ಜಾಗವನ್ನು ಅವಳು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಎಲ್ಲರೂ ಇದನ್ನು ಒಳಗೆ ಮಡಿಸಿ ಮುಚ್ಚುತ್ತಾರೆ. ನಾವು ಇದನ್ನೇ ಮುಂದಕ್ಕೆ ಇಡೋಣ ಮಾಸ್ಟರ್" ಎಂದಳು. ಚೀಲದ ಮುಖದ ಮೇಲೆ ಅಡ್ಡವಾಗಿ ಆ ನೇರಳೆ ಅಂಚು, ನಡುವೆ ಆ ಬಿಳಿಯ ಗೇಣು. ನೀವು ನೋಡಿದ ಚೀಲ ಅದೇ.

ಅದನ್ನು ನನ್ನ ಮಡಿಲಿಗೆ ಹಾಕಿ ಅವಳು, "ಎಲೆ ಹಾಕಿಕೊಡಿ ಅಕ್ಕ. ಇದು ಅಂಗಡಿಗಲ್ಲ. ನಾಳಿದ್ದು ನಮ್ಮ ಹುಡುಗಿಯ ಶಾಸ್ತ್ರ ಇದೆಯಲ್ಲ, ಅವಳ ಮಡಿಲಕ್ಕಿಗೆ" ಎಂದಳು.

ನಮ್ಮ ಜೊತೆ ಹೊಲಿಯುತ್ತಿದ್ದ ಹುಡುಗಿಯೊಬ್ಬಳಿಗೆ ಏಳು ತಿಂಗಳಾಗಿತ್ತು. ಅವಳಿಗೆ ಬಳೆ ತೊಡಿಸಿ, ಮಡಿಲಿಗೆ ಅಕ್ಕಿ ಕಾಯಿ ತುಂಬುವ ದಿನ ಗೊತ್ತಾಗಿತ್ತು. ಈಗ ನಾನು ಬೇಡ ಎನ್ನಬೇಕು, ಏಕೆ ಬೇಡ ಎಂದು ಹೇಳಬೇಕು. ತವರಿನವರು ಹೊದಿಸಿದ ಸೀರೆಯನ್ನು ಕದ್ದು ತಂದು ಕೊಟ್ಟೆ ಎಂದು ಅಷ್ಟು ಜನರ ಮುಂದೆ ಹೇಳಬೇಕು. ಅಣ್ಣನ ಮನೆಯ ಅನ್ನ ತಿನ್ನುತ್ತಿದ್ದವಳು ನಾನು. ಸೂಜಿಗೆ ಹಸಿರು ದಾರ ಪೋಣಿಸಿದೆ. ಅಂದು ಹೊಲಿದ ಎಲೆ ಸೊಟ್ಟಗಿದೆ, ಒಳಗೆ ನೋಡಿ.

ಶಾಸ್ತ್ರಕ್ಕೆ ನನ್ನಂಥವರು ಹೋಗುವ ಹಾಗಿರಲಿಲ್ಲ. ಅತ್ತಿಗೆ ಹೋಗಿದ್ದರು. ಸಂಜೆ ಬಂದವರು ಚಪ್ಪಲಿ ಬಿಡದೆ ಅಡಿಗೆಮನೆಯ ಬಾಗಿಲಲ್ಲಿ ನಿಂತರು.

"ನಾನ್ ಪಾಂಡವಪುರದಲ್ಲಿ ತಂದ ಸೀರೆ ಎಲ್ಲೈತೆ ಕಣೆ?"

ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ತಲೆ ಎತ್ತಲಿಲ್ಲ.

"ಕೇಳಿಸ್ನಿಲ್ವಾ? ಆ ಬಸುರಿ ಮಡ್ಲಲ್ಲಿ ಅಕ್ಕಿ ಚೀಲ ಇಟ್ಟವ್ರೆ, ಅದೇ ಬೂದು, ಅದೇ ಅಂಚು, ಅದೇ ತೂತು ಬಿದ್ದಂಗೆ ಬಿಳೀದು. ನನ್ ಕಣ್ಣು ಹೊಟ್ಟೋಗಿಲ್ಲ. ನಿನ್ ಸೀರೆ ಎಲ್ಲವ್ವಾ?"

"ಹೊಳೆಗೆ ಬುಟ್ಬುಟ್ಟೆ" ಎಂದೆ.

ಅದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ದಿನವೂ ಕೋಲಿನಿಂದ ತಳ್ಳುತ್ತಿದ್ದ ಆ ಬಟ್ಟೆಗಳೇ ಬಾಯಿಗೆ ಬಂದವೇನೋ. ಆ ಸೀರೆಗಳನ್ನು ಉಡಲು ಮನಸ್ಸು ಬರಲಿಲ್ಲ, ಏಳನ್ನೂ ನೀರಿಗೆ ಬಿಟ್ಟೆ ಎಂದೆ. ಅತ್ತಿಗೆಯ ಮುಖ ಮೆತ್ತಗಾಯಿತು. ನನ್ನ ತಲೆಯ ಮೇಲೆ ಕೈಯಿಟ್ಟು, "ಹೋಗ್ಲಿ ಬುಡವ್ವ, ನಿನ್ ಸಂಕ್ಟ ನಂಗೊತ್ತು" ಎಂದರು. ಆಮೇಲೆ ಅವರಿಗೇ ಹೊಳೆಯಿತು. "ಅಂಗಾದ್ರೆ ಆ ಹಂಚಿನ್ ಮನೆಯವ್ಳು ಹೊಳೇಲಿ ಬುಟ್ಟಿದ್ದ ಬಟ್ಟೆ ಆಯ್ಕೊಂಡ್ ಬಂದು ಹೊಲೀತಾವ್ಳೆ."

ನಾನು ಹಿಟ್ಟು ಜರಡಿ ಹಿಡಿಯುತ್ತಲೇ ಇದ್ದೆ.

ಮೂರು ದಿನದಲ್ಲಿ ಆ ಮಾತು ಗಂಜಾಂ ಎಲ್ಲ ಸುತ್ತಿತು. ಸತ್ತವರ ಬಟ್ಟೆ ಎತ್ತಿ ತರುತ್ತಾಳೆ, ಬಣ್ಣ ಅದ್ದುತ್ತಾಳೆ, ಪೇಟೆಯವರ ಮೈಗೆ ತೊಡಿಸುತ್ತಾಳೆ. ಹೊಲಿಯುವ ಹೆಂಗಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಬಸುರಿ ಹುಡುಗಿಯ ಅತ್ತೆ ಬಂದು ಚೀಲವನ್ನು ಪಡಸಾಲೆಗೆ ಎಸೆದಾಗ ಅಕ್ಕಿ ಎಲ್ಲ ಚೆಲ್ಲಿತು. "ನಮ್ಮನೆ ವಂಸ ಕಣವ್ವಾ ಅದು, ನಿನ್ ಅಂಗ್ಡಿ ಸಾಮಾನಲ್ಲ" ಎಂದು ಆ ಹೆಂಗಸು ಅಳುತ್ತಿದ್ದಳು. ಬೈಯಲು ಬಂದವಳು ಅತ್ತದ್ದನ್ನು ನೋಡಲು ನನಗೆ ಇನ್ನೂ ಕಷ್ಟವಾಯಿತು. ನಾನು ಒಳಕೋಣೆಯ ಬಾಗಿಲ ಹಿಂದೆ ಇದ್ದೆ. ಎಲ್ಲರಿಗಿಂತ ಕೊನೆಯವರೆಗೆ ಕೆಲಸಕ್ಕೆ ಹೋದವಳು ನಾನೇ.

ಆದರೆ ಚೀಲ ಹೊಲಿಸಿದವಳಿಗೆ ಗೊತ್ತಿತ್ತು. ಸೀರೆ ತಂದವಳು ನಾನು ಎಂದು ಅವಳಿಗೂ ಮಾಸ್ಟರಿಗೂ ಗೊತ್ತಿತ್ತು. ಅವರಿಬ್ಬರೂ ನನ್ನ ಹೆಸರು ಎತ್ತಲಿಲ್ಲ. ಆ ದಿನ ಅಕ್ಕಿಯನ್ನು ಒಟ್ಟುಮಾಡಿ ಮುಗಿಸಿದ ಮೇಲೆ ಅವಳು ನನ್ನ ಮುಂದೆ ಕೂತು ಮೆಲ್ಲಗೆ ಕೇಳಿದಳು.

"ಅಕ್ಕ, ಹೊಳೆಯದಲ್ಲ, ನೀವು ಕೊಟ್ಟದ್ದು ಅಂತ ಒಂದು ಮಾತು ಹೇಳ್ತೀರಾ? ನಾನು ಜೊತೆಗೆ ಬರ್ತೀನಿ. ನೀವು ಒಬ್ಬರೇ ಹೇಳೋದು ಬೇಡ."

ನಾನು ನೆಲ ನೋಡಿದೆ. ಒಂದು ಅಕ್ಕಿ ಕಾಳು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಉಗುರಿನಿಂದ ಅದನ್ನು ತೆಗೆಯುತ್ತ ಕೂತೆ. ಅವಳು ಬಹಳ ಹೊತ್ತು ಕಾದಳು. ಆಮೇಲೆ ಎದ್ದು ನನಗೆ ಕಾಫಿ ತಂದು ಕೊಟ್ಟಳು. ಮತ್ತೆ ಕೇಳಲಿಲ್ಲ.

ಆ ತಿಂಗಳ ಕೊನೆಗೆ ಮನೆ ಖಾಲಿಯಾಯಿತು. ಹೊಲಿಗೆ ಯಂತ್ರಗಳನ್ನು ಟೆಂಪೋಗೆ ಏರಿಸುವುದನ್ನು ನಾನು ಹೊಳೆಯಿಂದ ಬರುತ್ತ ನೋಡಿದೆ, ಇನ್ನೊಂದು ಓಣಿಗೆ ತಿರುಗಿದೆ. ಕೆಲವು ದಿನಗಳ ಮೇಲೆ ಮಾಸ್ಟರ್ ನಮ್ಮ ಹಿತ್ತಿಲ ಬಾಗಿಲಿಗೆ ಬಂದು ಕಾಗದ ಸುತ್ತಿದ ಒಂದು ಕಟ್ಟು ಕೊಟ್ಟರು.

"ಬೇಟಿ ನಿಮ್ಗೇ ಕೊಡಿ ಅಂದ್ಳಮ್ಮಾ. ನಿಮ್ದೇ ಅಂತೆ."

ಕಾಗದದ ಸಂದಿಯಲ್ಲಿ ಆ ಚೀಲದ ನೇರಳೆ ಅಂಚು ಕಂಡಿತು. ನಾನು ತೆಗೆದುಕೊಂಡೆ. ಅವರು ಹೋಗಲಿಲ್ಲ.

"ನಲ್ವತ್ತು ವರ್ಸ ಬಟ್ಟೆ ಕತ್ತರ್ಸಿವ್ನಿ. ತಪ್ಪು ಕತ್ತರ್ಸಿದ್ರೂ ಜೋಡ್ಸಬೋದು ಅಮ್ಮಾ, ಆವತ್ತೇ ನೋಡ್ಕಂಡ್ರೆ" ಎಂದರು. ಸೈಕಲ್ಲು ತಳ್ಳಿಕೊಂಡು ಹೊರಟರು.

ಆ ಹುಡುಗಿಗೆ ಗಂಡು ಮಗು ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಊರಿನವರು ಆ ಚೀಲವನ್ನೂ ಆ ಮಾತನ್ನೂ ಮರೆತರು. ಆ ಮಗುವನ್ನು ಎತ್ತಿಕೊಂಡು ಅತ್ತಿಗೆ ನಮ್ಮ ಪಡಸಾಲೆಯಲ್ಲಿ ಆಡಿಸುವಾಗ ನಾನು ಹಿತ್ತಿಲಿಗೆ ಹೋಗುತ್ತಿದ್ದೆ. ಅತ್ತಿಗೆ ನನ್ನನ್ನು ಕೊನೆಯವರೆಗೆ ಚೆನ್ನಾಗಿ ನೋಡಿಕೊಂಡರು. ನಿಮ್ಮಮ್ಮನ ಮದುವೆಗೆ ಅಕ್ಕಿ ಆರಿಸಿದ್ದು, ಸಂಡಿಗೆ ಇಟ್ಟದ್ದು ಎಲ್ಲ ಅವರೇ. ಅವರು ಹಾಸಿಗೆ ಹಿಡಿದಾಗ ಹೇಳಬೇಕೆಂದು ಎರಡು ಸಲ ಹತ್ತಿರ ಕೂತೆ. ಎರಡು ಸಲವೂ ಅವರ ಕಾಲು ಒತ್ತಿ ಎದ್ದು ಬಂದೆ. ಹೊಳೆಗೆ ಬಿಟ್ಟೆ ಎಂಬ ನನ್ನ ಮಾತನ್ನು ನಂಬಿಕೊಂಡೇ ಅವರು ಹೋದರು.

ಬಟ್ಟೆ ಅಂಗಡಿಗೆ ಹೋದಾಗ ಅಜ್ಜಿ ಎಲ್ಲ ಅಂಗಿಗಳ ಕುತ್ತಿಗೆಯನ್ನು ಒಳಗಡೆ ತಿರುಗಿಸಿ ನೋಡುತ್ತಾಳೆ ಎಂದು ನೀವು ರೇಗಿಸುತ್ತೀರಿ. ನಾನು ನೋಡುವುದು ಆ ಹಸಿರು ಎಲೆಯನ್ನು. ಇದುವರೆಗೆ ಕಂಡಿಲ್ಲ. ಅವಳು ಬೇರೆ ಗುರುತು ಇಟ್ಟುಕೊಂಡಿರಬಹುದು. ಹೊಲಿಸುವುದನ್ನೇ ಬಿಟ್ಟಿರಬಹುದು. ಎರಡನೆಯದನ್ನು ನೆನೆದ ದಿನ ನನಗೆ ಊಟ ಸೇರುವುದಿಲ್ಲ.

ಪುಟ್ಟಿ, ಚೀಲ ನಿನ್ನದು, ತೆಗೆದುಕೊ. ಬಸುರಿಯ ಮಡಿಲಲ್ಲಿದ್ದು ಏನೂ ಕೆಡುಕು ಮಾಡದ ಚೀಲ ಅದು, ನಿನ್ನ ಹೆಗಲಿಗೇನು ಮಾಡೀತು. ಯಾರ ಡಿಸೈನು ಎಂದು ಯಾರಾದರೂ ಕೇಳಿದರೆ, ಗಂಜಾಂನ ಹಂಚಿನ ಮನೆಯಲ್ಲಿದ್ದ ಒಬ್ಬಳದು, ಬಟ್ಟೆ ಹೊಳೆಯದಲ್ಲ, ನಮ್ಮಜ್ಜಿ ಕೊಟ್ಟದ್ದು ಎಂದು ಹೇಳು. ನಾಲ್ಕು ಜನರ ಮುಂದೆ, ಗಟ್ಟಿಯಾಗಿ ಹೇಳು. ಈ ಹಾಳೆಗಳನ್ನು ಅದರ ಒಳಜೇಬಿನಲ್ಲಿ, ಸೊಟ್ಟ ಎಲೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಚೀಲ ಹರಿದರೆ ಬಿಸಾಡಿ, ಹಾಳೆಗಳನ್ನು ಬಿಸಾಡಬೇಡಿ. ಇಬ್ಬರಲ್ಲಿ ಒಬ್ಬರು ಜೋಪಾನವಾಗಿ ಇಟ್ಟುಕೊಳ್ಳಿ.