ಕಂಪ್ಯೂಟರಿನೊಳಗಿನ ಅಕ್ಕಿಗಂಟು

ಮೊನ್ನೆ ಭಾನುವಾರ ನನ್ನ ಕಂಪ್ಯೂಟರಿನ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಬಂತು. ಬಹಳ ದಿನ ಮುಚ್ಚಿಟ್ಟ ಅಕ್ಕಿಡಬ್ಬಿಯ ವಾಸನೆ. ಮೂಲೆಯಲ್ಲಿ ಅಡಿಕೆಯಷ್ಟು ದೊಡ್ಡ ಬಟ್ಟೆಗಂಟೊಂದಿತ್ತು. ಮುಟ್ಟಿದ್ದೇ ತಡ, ಬಟ್ಟೆ ಹರಿದು ಹುಳ ತಿಂದ ಕುಚ್ಚಲಕ್ಕಿಯ ಪುಡಿ ಮೇಜಿನ ಮೇಲೆ ಚೆಲ್ಲಿತು. ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಅದು ಕಾರವಾರದ ಕಂಪ್ಯೂಟರ್ ಅಂಗಡಿಯವರು ಇಟ್ಟ ಗಂಟು. ತಾವು ಜೋಡಿಸಿದ ಪ್ರತಿ ಕಂಪ್ಯೂಟರಿನೊಳಗೂ ಅವರು ಹಾಗೊಂದು ಗಂಟು ಇಡುತ್ತಿದ್ದರು, ತೇವ ಹೀರಲಿ ಎಂದು. ಅವರ ಹುಟ್ಟೂರು ಕಡಲಂಚಿನ ಮಾಜಾಳಿ. ಮಳೆಗಾಲಕ್ಕೆ ಮೊದಲು ಅವರ ಮನೆಯಲ್ಲಿ ಒಣಮೀನು, ಹಪ್ಪಳ, ಕಡೆಗೆ ಬೆಂಕಿಪೊಟ್ಟಣವನ್ನೂ ಡಬ್ಬಿಗೆ ತುಂಬಿ ಮುಚ್ಚಳದ ಸುತ್ತ ಮೇಣ ಹಚ್ಚುತ್ತಿದ್ದರಂತೆ. ಗಾಳಿ ತಾಗದಿದ್ದರೆ ಯಾವ ವಸ್ತುವೂ ಕೆಡುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. "ಉಪ್ಪುಗಾಳಿ ಹೊಡದ್ರೆ ಕಬ್ಬಿಣವೇ ಉಳಿಯೂದಿಲ್ಲ ಅಕ್ಕೋರೆ, ಇದೆಂತ ಲೆಕ್ಕ" ಅನ್ನುತ್ತಿದ್ದರು.

ನಾನಾಗ ಭಾವಿಕೇರಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಅಂಕೋಲೆಯ ನನ್ನ ಮನೆಯ ಮೇಜು ಚಿಕ್ಕದು, ಅದಕ್ಕೆ ತಕ್ಕ ಪುಟ್ಟ ಕಂಪ್ಯೂಟರ್ ಬೇಕೆಂದು ಅವರಲ್ಲಿಗೆ ಹೋಗಿದ್ದೆ. ಬಿಸ್ಕೀಟು ಡಬ್ಬಿಯಷ್ಟೇ ಇದ್ದ ಪೆಟ್ಟಿಗೆಯೊಳಗೆ ಅವರು ಎಲ್ಲವನ್ನೂ ಕೂಡಿಸಿದರು. ಐಸ್ಕ್ರೀಮ್ ಕಡ್ಡಿಯಂಥ, ಮಾಹಿತಿ ಹಿಡಿದಿಡುವ ಒಂದು ಎಸ್ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಒತ್ತಿ, ತುದಿಗೆ ಎಳ್ಳಿನಂಥ ಸ್ಕ್ರೂ ಬಿಗಿದರು. ನನ್ನ ಕಡತಗಳಿಗೆಂದು ಅದರ ಕೆಳಗೆ ಇನ್ನೊಂದು ಚಪ್ಪಟೆ ಎಸ್ಎಸ್‌ಡಿ ಕೂರಬೇಕಿತ್ತು. ಅದು ಹುಬ್ಬಳ್ಳಿಯಿಂದ ಬಂದಿರಲಿಲ್ಲ.

"ಮಂಗಳವಾರ ಬರ್ತದೆ ಅಕ್ಕೋರೆ. ಎರಡ್ ದಿನ ತಡೀರಿ."

ನಾನು ಬೆಂಕಿ ಕೇಳಲು ಬಂದವಳ ಹಾಗೆ ತುದಿಗಾಲಲ್ಲಿ ನಿಂತಿದ್ದೆ. ಸೋಮವಾರದೊಳಗೆ ಶಾಲೆಯ ಮಾಹಿತಿ ಕಳಿಸಬೇಕಿತ್ತು. "ಆಗೂದಿಲ್ಲ ಅಂದ್ರೆ ಹೇಳ್ಬಿಡಿ, ಬೇರೆ ಅಂಗಡಿ ನೋಡ್ತೆ" ಅಂದೆ. ಮಕ್ಕಳನ್ನು ಗದರುವ ಧ್ವನಿಯಲ್ಲೇ ಅಂದೆ.

ಅವರು ಖಾನೆ ಎಳೆದು ಹಳೆಯ ಸಣ್ಣ ಹಾರ್ಡ್ ಡಿಸ್ಕೊಂದನ್ನು ತೆಗೆದು ಅಂಗೈಯಲ್ಲಿ ಹಿಡಿದು ನೋಡಿದರು. "ಇದ್ರಲ್ಲಿದ್ದದ್ದು ಬೇರೇದಕ್ಕೆ ಹಾಕ್ಕಂಡಾಗದೆ. ಸದ್ಯ ಇದನ್ನೇ ಕೂಡ್ಸಿ ಕೊಡ್ತೆ, ಹೊಸದು ಬಂದ್ಮೇಲೆ ಬದಲ್ಸುವಾ" ಅಂದವರೇ ಅದನ್ನು ಅಳಿಸಿ, ಕೂಡಿಸಿ, ಮುಚ್ಚಳ ಬಿಗಿದರು. ಅದು ಚೆನ್ನಾಗಿಯೇ ನಡೆಯಿತು. ಬದಲಿಸಲು ನಾನು ಮತ್ತೆ ಹೋಗಲೇ ಇಲ್ಲ...

ಅವತ್ತು ಅಂಗಡಿಯಲ್ಲಿ ಅವರ ಹೆಂಡತಿಯೂ ಇದ್ದರು. ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡು ಕೂತಿದ್ದರು. ಊಟದ ಹೊತ್ತಾದಾಗ ಸ್ಟೀಲಿನ ಲೋಟವನ್ನು ಮೇಜಿಗೆ ಎರಡು ಸಲ ಕುಟ್ಟಿ ಗಂಡನನ್ನು ಕರೆದರು. ಹುಟ್ಟಿನಿಂದಲೇ ಮಾತಿಲ್ಲದವರು ಅಂದುಕೊಂಡೆ. ಕೇಳುವ ವ್ಯವಧಾನವಾದರೂ ನನಗೆಲ್ಲಿತ್ತು?

ನಾಲ್ಕು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಗಡ್ಡ ಬಿಟ್ಟಿದ್ದರು. ಕೈಯಲ್ಲಿ ಅಂಚಿನ ಸುತ್ತ ಮೇಣ ಮೆತ್ತಿದ್ದ ತಗಡಿನ ಡಬ್ಬಿ. ಹೆಂಡತಿ ತೀರಿಕೊಂಡು ಎರಡು ತಿಂಗಳಾಯಿತು ಅಂದರು. ಆಮೇಲೆ ಕೂತು, ನೆಲ ನೋಡುತ್ತ ಎಲ್ಲ ಹೇಳಿದರು.

ಆಕೆಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ಸ್ವರ ಉಳಿಯುವುದಿಲ್ಲ ಅಂದಿದ್ದರು ಡಾಕ್ಟರು. ಆಪರೇಷನ್ನಿನ ಹಿಂದಿನ ವಾರ ಇವರು ಅಂಗಡಿಯ ಕದ ಹಾಕಿ, ಮೈಕ್ ಮುಂದೆ ಹೆಂಡತಿಯನ್ನು ಕೂರಿಸಿ ಸ್ವರವನ್ನು ಹಾರ್ಡ್ ಡಿಸ್ಕಿನಲ್ಲಿ ಹಿಡಿದಿಟ್ಟಿದ್ದರು. ಏನು ಮಾತಾಡುವುದೆಂದು ತೋಚದೆ ಆಕೆ ಬಂಗಡೆ ಮೀನಿನ ರೇಟು ಹೇಳಿದರಂತೆ, ಗಂಡನನ್ನು ಬೈದರಂತೆ, ಬೆಕ್ಕನ್ನು ಕರೆದರಂತೆ. "ಕಡೀಗೆ ಊಟಕ್ಕೆ ಬನ್ನಿ ಹೇಳಿ ಕರ್ದಿತ್ತು ಅಕ್ಕೋರೆ. ದಿನಾ ಕರ್ದ ಹಾಗೇ."

ಹಾರ್ಡ್ ಡಿಸ್ಕಿಗೆ ತುಕ್ಕು ಹಿಡಿಯುತ್ತದೆಂದು ಅದನ್ನೆಲ್ಲ ಅಂಗಡಿಯಲ್ಲಿ ಬಳಸಿದ್ದ ಎಸ್ಎಸ್‌ಡಿಯೊಂದಕ್ಕೆ ಹಾಕಿ, ಅಕ್ಕಿಯೊಳಗೆ ಹೂತು, ಡಬ್ಬಿಗೆ ಮೇಣ ಹಚ್ಚಿ, ಹಂಚಿನಡಿಯ ಅಟ್ಟದ ಮೇಲಿಟ್ಟರು. ನಾಲ್ಕು ವರ್ಷ ತೆರೆಯಲಿಲ್ಲ. ಯಾಕೆ ಒಮ್ಮೆಯೂ ಕೇಳಲಿಲ್ಲ ಅಂದೆ. "ಸ್ವರ ಹೋದ ಹೆಂಗ್ಸಿನ ಎದ್ರಿಗೆ ಅದ್ರದ್ದೇ ಸ್ವರ ಹೆಂಗೆ ಹಾಕೂದು?"

ಈಗ ತೆರೆದಿದ್ದರು. ಅಂಗಡಿಯ ಯಾವ ಕಂಪ್ಯೂಟರಿನಲ್ಲೂ ಅದನ್ನು ಓದಲು ಆಗುತ್ತಿರಲಿಲ್ಲ. ನನ್ನದರಲ್ಲೂ ಹಾಕಿ ನೋಡಿದರು. ಇದನ್ನು ಪೂರ್ತಿ ಅಳಿಸಿ ಫಾರ್ಮ್ಯಾಟ್ ಮಾಡಬೇಕೇ ಎಂದು ಪರದೆ ಕೇಳಿತು. ಬೇಡ ಅಂದರು. ಮತ್ತೆ ಕೇಳಿತು.

"ಡಬ್ಬಿ ಸರೀ ಮುಚ್ಚಿದ್ರಲ್ಲ?" ಅಂದೆ.

"ಮುಚ್ಚಿದ್ದೇ ತಪ್ಪಾಯ್ತು. ಇದ್ಕೆ ಆಗಾಗ ಕರೆಂಟ್ ಕೊಡ್ತಾ ಇರ್ಬೇಕು. ಸೆಖೆಯಲ್ಲಿ ವರ್ಷಗಟ್ಲೆ ಸುಮ್ನಿಟ್ರೆ ಒಳಗಿಂದು ತನ್ನಷ್ಟಕ್ಕೇ ಅಳಿಸ್ಹೋಗ್ತದೆ. ಒಣಮೀನು ಇಟ್ಟ ಹಾಗೆ ಇಟ್ಟೆ ನಾನು..."

"ಹಳೇ ಹಾರ್ಡ್ ಡಿಸ್ಕ್ ಎಲ್ಲದೆ?"

ಅವರು ನನ್ನ ಮೇಜಿನ ಮೇಲಿದ್ದ ಪೆಟ್ಟಿಗೆಯನ್ನು ನೋಡಿದರು. ನನಗೆಂದು ಅಳಿಸಿ ಕೂಡಿಸಿದ್ದು ಅದನ್ನೇ. ಅವತ್ತು ನಾನು ಎರಡು ದಿನ ತಡೆದಿದ್ದರೆ ಅದು ಖಾನೆಯಲ್ಲೇ ಇರುತ್ತಿತ್ತು.

ಪೆಟ್ಟಿಗೆ ಬಿಚ್ಚಿ, ಹಾರ್ಡ್ ಡಿಸ್ಕ್ ತೆಗೆದು, ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅಳಿಸಿದ್ದರಲ್ಲಿ ಏನಾದರೂ ಉಳಿದಿದೆಯೇ ಎಂದು ಸಂಜೆವರೆಗೆ ಹುಡುಕಿದರು. ಬಂದದ್ದೆಲ್ಲ ನನ್ನದೇ. ಹಾಜರಿ ಪಟ್ಟಿ, ಪ್ರಶ್ನೆಪತ್ರಿಕೆ, ಮಕ್ಕಳ ಫೋಟೋ. ಕೊನೆಗೆ ಹೆಸರು ಅಳಿಸಿಹೋಗಿದ್ದ ಒಂದು ಧ್ವನಿ ಸಿಕ್ಕಿತು. ಅವರು ಅದನ್ನು ಒತ್ತಿದರು. ಹೆಂಗಸಿನ ಸ್ವರ. ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ.

"ಮಕ್ಕಳೇ, ಎಲ್ಲರದೂ ಊಟ ಆಯ್ತಾ? ಇವತ್ತು ನಾಲ್ಕನೆಯ ಪಾಠ..."

ಶಾಲೆ ಮುಚ್ಚಿದ್ದ ಕಾಲದಲ್ಲಿ ಮಕ್ಕಳ ಮೊಬೈಲಿಗೆ ಕಳಿಸಲು ನಾನು ಹೇಳಿದ್ದ ಪಾಠಗಳು ಅವು. ಗಂಟೆಗಟ್ಟಲೆ ಇದ್ದವು. ಆಕೆಯ ಸ್ವರ ಇದ್ದ ಜಾಗವನ್ನೆಲ್ಲ ನಾನೇ ತುಂಬಿದ್ದೆ. ಅವರು ಅದನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ. ಮುಗಿಯುವವರೆಗೂ ಕೇಳಿದರು. "ನಿಮ್ದು ಸ್ವರ ಬಹಳ ಚಲೋ ಬಂದದೆ ಅಕ್ಕೋರೆ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಊಟ ಮಾಡಿ ಹೋಗಿ ಅಂದೆ, ಒಲ್ಲೆ ಅಂದರು. ಹಾರ್ಡ್ ಡಿಸ್ಕನ್ನು ಮೊದಲಿನ ಜಾಗಕ್ಕೇ ಕೂಡಿಸಿದರು. ಹಳೆಯ ಗಂಟು ತೆಗೆದು, ತಮ್ಮ ಡಬ್ಬಿಯಲ್ಲಿದ್ದ ಅಕ್ಕಿಯಿಂದಲೇ ಒಂದು ಚಿಟಿಕೆ ತೆಗೆದು ಹೊಸ ಗಂಟು ಕಟ್ಟಿ ಒಳಗಿಟ್ಟು ಮುಚ್ಚಳ ಬಿಗಿದರು. ಮುಂದಿನ ಮಳೆಗಾಲದಲ್ಲಿ ಅವರೂ ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಎಷ್ಟು ಮಕ್ಕಳಿಂದ ಕಾಪಿ ಬರೆಸಿದ್ದೇನೋ! ಚಿಂತೆಯೇನು ಫಲ ಕೇಳಿ ಬರುತ್ತದೆಯೇ?

ಮೊನ್ನೆ ಆ ಹಾರ್ಡ್ ಡಿಸ್ಕ್ ತೆಗೆದೆ. ಅಂಚಿಗೆಲ್ಲ ತುಕ್ಕು, ಆದರೂ ತಿರುಗುತ್ತಿತ್ತು. ಎಂಟು ವರ್ಷದ ಹಿಂದೆಯೇ ಅಲ್ಲಿ ಕೂರಬೇಕಿದ್ದ ಎಸ್ಎಸ್‌ಡಿಯನ್ನು ಅಂತೂ ನಾನೇ ಕೂಡಿಸಿದೆ. ಸ್ಕ್ರೂ ಎರಡು ಸಲ ಕೈಜಾರಿತು. ಕಡತಗಳನ್ನೆಲ್ಲ ಹೊಸದಕ್ಕೆ ಹಾಕಿಕೊಂಡೆ, ಪಾಠಗಳನ್ನು ಹಾಕಿಕೊಳ್ಳಲಿಲ್ಲ. ಹಳೆಯದರಿಂದಲೂ ಅವನ್ನು ಒಂದೊಂದಾಗಿ ಅಳಿಸಿದೆ. ಅಳಿಸಿದರೆ ಆಕೆಯ ಸ್ವರವೇನೂ ಮರಳುವುದಿಲ್ಲ, ಗೊತ್ತು. ಆದರೆ ಆಕೆಯ ಜಾಗದಲ್ಲಿ ಕೂತು ನಾನು ಮಾತಾಡಿದ್ದು ಸಾಕು ಅನಿಸಿತು.